ಕರೆಂಟು ಹೋದಾಗ ಹೀರೋನನ್ನು ಎತ್ತಿದವರು

ಆ ಸಿನಿಮಾದ ಬಗ್ಗೆ ಈಗ ಎಲ್ಲರೂ ಒಳ್ಳೆಯ ಮಾತಾಡುತ್ತಾರೆ. ಕೇಳಿದರೆ ನನಗೆ ಮೈ ಉರಿಯುತ್ತದೆ. ಬಿಡುಗಡೆಯಾದಾಗ ಕುರ್ಚಿ ಕುಟ್ಟಿ, ಕೂಗಾಡಿ, ಟಿಕೆಟ್ ಹರಿದು ಗಾಳಿಗೆ ತೂರಿ ಎದ್ದು ಹೋದ ಜನರೇ ಇವತ್ತು ಅದನ್ನು ‘ಕಾಲಕ್ಕಿಂತ ಮುಂದಿದ್ದ ಸಿನಿಮಾ’ ಅನ್ನುತ್ತಾರೆ. ಮರುಮೌಲ್ಯಮಾಪನವಂತೆ! ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದ ಹುಡುಗನ ಪೇಪರು ವಾಪಸ್ ತರಿಸಿ ನಾಲ್ಕು ಮಾರ್ಕ್ಸ್ ಸೇರಿಸಿ ಪಾಸು ಮಾಡಿದ ಹಾಗೆ. ನಾನು ಅದಕ್ಕೆ ಮೊದಲ ದಿನ, ಮೊದಲ ಆಟದಲ್ಲೇ ಪೂರ್ತಿ ಮಾರ್ಕ್ಸ್ ಕೊಟ್ಟವಳು. ಆಗ ನನ್ನನ್ನು ಯಾರೂ ಕೇಳಲಿಲ್ಲ.

ಸಿನಿಮಾದ ಕಥೆ ಗೊತ್ತಿಲ್ಲದವರಿಗೆ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಕೋಪ ಅರ್ಥವಾಗುವುದಿಲ್ಲ. ಹೀರೋ ಪೀಣ್ಯದ ಒಂದು ಶೆಡ್ಡಿನಲ್ಲಿ ವೆಲ್ಡರ್. ಟ್ರಾನ್ಸ್‌ಫಾರ್ಮರಿನಲ್ಲಿ ಶಾಕ್ ಹೊಡೆದು, ಸಾಯುವುದರ ಬದಲು ಅವನಿಗೆ ಶಕ್ತಿ ಬಂದುಬಿಡುತ್ತದೆ. ವೆಲ್ಡಿಂಗ್ ಮಾಡುವಾಗ ಹಿಡಿಯುವ ಕಪ್ಪು ಗಾಜಿನದೇ ಅವನ ಮುಖವಾಡ, ಲಾರಿಗೆ ಹೊದಿಸುವ ಟಾರ್ಪಾಲೇ ಬೆನ್ನಿಗೆ. ಲಾರಿ ಎತ್ತುತ್ತಾನೆ, ಶೆಡ್ಡಿನಿಂದ ಶೆಡ್ಡಿಗೆ ಹಾರುತ್ತಾನೆ. ಆದರೆ ಇದೆಲ್ಲ ಕರೆಂಟು ಇರುವ ತನಕ ಮಾತ್ರ. ಕರೆಂಟು ಹೋಯಿತೋ, ಅವನೂ ನಮ್ಮೆಲ್ಲರ ಹಾಗೆ ಬೆವರು ಒರೆಸಿಕೊಂಡು ಕೂರುವ ಮನುಷ್ಯ. ಆಗಿನ ಪೀಣ್ಯದಲ್ಲಿ ಕರೆಂಟು ಎಷ್ಟು ಹೊತ್ತು ಇರುತ್ತಿತ್ತು ಅಂತ ಗೊತ್ತಿದ್ದವರಿಗೆ ಇದಕ್ಕಿಂತ ನಿಜವಾದ ಸೂಪರ್ ಹೀರೋ ಬೇಕಿರಲಿಲ್ಲ.

ಇಂಟರ್ವಲ್ ಹೊತ್ತಿಗೆ ವಿಲನ್ ಇಡೀ ಪ್ರದೇಶದ ಲೈನು ತೆಗೆಸಿಹಾಕುತ್ತಾನೆ. ಅಲ್ಲಿಂದ ಮುಂದೆ ಹೀರೋ ಹೊಡೆಯುವುದಿಲ್ಲ, ಹೊಡೆಸಿಕೊಳ್ಳುತ್ತಾನೆ. ಕೊನೆಗೆ ನೀರಿನ ಟ್ಯಾಂಕಿನ ಮೇಲಿಂದ ಬಿದ್ದು ಮೇಲೇಳದೆ ಮಲಗಿಬಿಡುತ್ತಾನೆ. ಆಗ ಶಿಫ್ಟ್ ಬಿಟ್ಟು ಬರುತ್ತಿದ್ದ ಗಾರ್ಮೆಂಟ್ಸ್ ಹೆಂಗಸರು ಅವನನ್ನು ನೋಡಿ, ಹೆಗಲು ಕೊಟ್ಟು ಎತ್ತಿಕೊಂಡು, ಕತ್ತಲಲ್ಲಿ ಸಂದಿಗೊಂದಿ ದಾಟಿ, ಹಳೇ ಊರಿನ ಬೀದಿದೀಪದ ಕಂಬದ ಬುಡಕ್ಕೆ ತಂದು ಮಲಗಿಸುತ್ತಾರೆ. ಆ ಕಂಬದ ಲೈನು ಬೇರೆ. ವಿಲನ್‌ಗೆ ಅದು ಗೊತ್ತಿರುವುದಿಲ್ಲ. ಹೀರೋನ ಕೈ ಕಂಬಕ್ಕೆ ಮುಟ್ಟಿಸುತ್ತಾರೆ. ಅಷ್ಟೇ, ಎದ್ದು ನಿಲ್ಲುತ್ತಾನೆ.

ಹೀರೋನ ತಲೆ ತೊಡೆಯ ಮೇಲೆ ಇಟ್ಟುಕೊಂಡು, ಸೆರಗಿನಿಂದ ಅವನ ಮುಖ ಒರೆಸಿ, "ಏಳಪ್ಪ, ಸಿಪ್ಟು ಮುಗ್ದಿಲ್ಲ ಇನ್ನ" ಅಂತ ಹೇಳುವವಳು ನಮ್ಮಮ್ಮ.

ನಮ್ಮದು ನಾಗಸಂದ್ರ. ಬಂದು ಸೇರಿದವರಲ್ಲ, ಅಲ್ಲೇ ಇದ್ದವರು. ಶೆಡ್ಡುಗಳು, ಫ್ಲೈಓವರು, ಆಮೇಲೆ ಮೆಟ್ರೋ, ಎಲ್ಲ ನಮ್ಮ ಸುತ್ತ ಬಂದು ಸೇರಿದವು. ಅಪ್ಪ ಲಗೇಜ್ ಆಟೋ ಓಡಿಸುತ್ತಿದ್ದ. ಅಮ್ಮ ಪೀಣ್ಯದಲ್ಲಿ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ಅವರ ಕಾರ್ಖಾನೆಯ ಪಕ್ಕದಲ್ಲೇ ಶೂಟಿಂಗ್ ನಡೆಯುತ್ತಿತ್ತು. ಭಾನುವಾರ ಒಂದಷ್ಟು ಹೆಂಗಸರು ಬೇಕು ಅಂತ ಸಿನಿಮಾದವರು ಗೇಟಿನ ಹತ್ತಿರ ಬಂದು ಕೇಳಿದರು. ಕಣ್ಣಿಗೆ ಹೊಡೆಯುವ ಬಣ್ಣದ ಸೀರೆ ಉಟ್ಟು ಬನ್ನಿ ಅಂದರಂತೆ. ಅಮ್ಮನ ಹತ್ತಿರ ಇದ್ದದ್ದೆಲ್ಲ ಮಾಸಲು ಬಣ್ಣ. ಯಾರನ್ನೋ ಕೇಳಿ ಒಂದು ಗಿಣಿಹಸಿರು ಸೀರೆ ತಂದು ಉಟ್ಟುಕೊಂಡು ಹೋದಳು. ಎತ್ತಲು ಒಂದು ಬೊಂಬೆ ಮಾಡಿಸಿದ್ದರಂತೆ, ಅದು ಬೊಂಬೆ ಅಂತ ದೂರಕ್ಕೇ ಗೊತ್ತಾಗುತ್ತಿದ್ದುದರಿಂದ ಡೈರೆಕ್ಟರ್ ಹೀರೋನನ್ನೇ ಎತ್ತಿಸಿದರು. "ಭಾರ ಅಂದ್ರೆ ಭಾರ ಕಣೇ, ಅವ್ನೂ ಅಲುಗಾಡಂಗಿಲ್ಲ, ನಾವೂ ನಗಂಗಿಲ್ಲ" ಅಂತ ಅಮ್ಮ ಮನೆಗೆ ಬಂದು ಸೊಂಟ ಹಿಡಿದುಕೊಂಡು ಕೂತಳು. ಸಿನಿಮಾದ ಆ ‘ಏಳಪ್ಪ’ ಮಾತೂ ಅವಳದೇ. ಮನೆಯಲ್ಲಿ ಯಾರಾದರೂ ಹೀಗೆ ಬಿದ್ದುಕೊಂಡಿದ್ದರೆ ಏನಂತೀರಮ್ಮ ಅಂತ ಡೈರೆಕ್ಟರ್ ಕೇಳಿದ್ದಕ್ಕೆ ಅವಳು ಅಪ್ಪನಿಗೆ ಹೇಳುವುದನ್ನೇ ಹೇಳಿದಳು. ಅವರು ನಗಾಡಿ ಅದನ್ನೇ ಇಟ್ಟುಕೊಂಡರು. ಆಮೇಲೆ ಒಂದು ದಿನ ಕಾರು ಕಳಿಸಿ, ಕರೆಸಿಕೊಂಡು ಡಬ್ಬಿಂಗೂ ಮಾಡಿಸಿದರು. ಕಾರು ಬಂದದ್ದನ್ನು ಇಡೀ ಬೀದಿ ನೋಡಿತು.

ಶುಕ್ರವಾರ ಬಿಡುಗಡೆ. ಅಮ್ಮನಿಗೆ ರಜೆ ಸಿಗಲಿಲ್ಲ. ಅಪ್ಪ ನನಗೆ ಶಾಲೆ ತಪ್ಪಿಸಿ ಮೊದಲ ಆಟಕ್ಕೆ ಕರೆದುಕೊಂಡು ಹೋದ. ಫಸ್ಟ್ ಹಾಫ್‌ನಲ್ಲಿ ಥಿಯೇಟರಿನ ಹೆಂಚು ಹಾರಿಹೋಗುವಂತೆ ಶಿಳ್ಳೆ. ಸೆಕೆಂಡ್ ಹಾಫ್ ಶುರುವಾದ ಸ್ವಲ್ಪ ಹೊತ್ತಿಗೆ ಗುಸುಗುಸು, ಆಮೇಲೆ ಗೊಣಗಾಟ, ಆಮೇಲೆ ಬೈಗುಳ. ಹೀರೋ ಏಟು ತಿನ್ನುವುದನ್ನು ನೋಡಲಾಗದೆ ಅಪ್ಪ, "ಒಂದ್ ಟೀ ಕುಡ್ಕೊಂಬತ್ತೀನಿ, ಕೂತಿರು" ಅಂತ ಎದ್ದು ಹೋದ. ಅವನು ಆಚೆ ಟೀ ಕುಡಿಯುತ್ತಿದ್ದಾಗ ತೆರೆಯ ಮೇಲೆ ಅಮ್ಮ ಬಂದಳು. ಅಷ್ಟು ದೊಡ್ಡ ಅಮ್ಮನನ್ನು ನಾನು ಯಾವತ್ತೂ ನೋಡಿರಲಿಲ್ಲ. ಗೋಡೆಯಷ್ಟು ಅಗಲದ ಮುಖ, ಮೂಗುತಿ, ಹಸಿರು ಸೆರಗು. ನಾನು ಸೀಟಿನ ಮೇಲೆ ಹತ್ತಿ "ನಮ್ಮಮ್ಮ! ನಮ್ಮಮ್ಮ!" ಅಂತ ಕಿರುಚಿದೆ. ಯಾರಿಗೂ ಕೇಳಿಸಲಿಲ್ಲ. "ಹೀರೋನ ಹೆಂಗಸ್ರು ಎತ್ಕೊಂಡು ಹೋಗ್ತಾವ್ರೆ, ಥೂ" ಅಂತ ಇಡೀ ಥಿಯೇಟರ್ ಕೂಗುತ್ತಿತ್ತು. ಅಪ್ಪ ವಾಪಸ್ ಬಂದಾಗ ಹೀರೋ ಆಗಲೇ ಎದ್ದು ನಿಂತಿದ್ದ.

ಭಾನುವಾರ ಅಮ್ಮ ಬೀದಿಯ ಹೆಂಗಸರನ್ನೆಲ್ಲ ಅಪ್ಪನ ಲಗೇಜ್ ಆಟೋದಲ್ಲಿ ತುಂಬಿಕೊಂಡು ಹೊರಟಳು. ಎದುರುಮನೆ ಅತ್ತೆ ಎಲ್ಲರಿಗಿಂತ ಮುಂದೆ ಕೂತಿದ್ದರು. ಅತ್ತೆ ಅಂದರೆ ಸಂಬಂಧವೇನಿಲ್ಲ, ಎದುರುಮನೆಯವರು, ಅಷ್ಟೇ. ಹೀರೋ ಟ್ಯಾಂಕಿನಿಂದ ಬಿದ್ದ. ಅಮ್ಮ ನನ್ನ ಕೈ ಅದುಮಿ ಹಿಡಿದಳು. ಮರುಕ್ಷಣ ಅವನು ಕಂಬದ ಕೆಳಗೆ ಬಿದ್ದಿದ್ದ, ತಲೆಯ ಮೇಲೆ ಬೀದಿದೀಪ, ಡೋಲಿನ ಸದ್ದು. ನಡುವೆ ಏನೂ ಇಲ್ಲ. ಶನಿವಾರವೇ ಕತ್ತರಿ ಹಾಕಿದ್ದರು. ಜನ ಬೈಯುತ್ತಾರೆ ಅಂತ ವಿತರಕರಿಂದ ಎಲ್ಲ ಥಿಯೇಟರಿಗೂ ಫೋನು ಹೋಗಿತ್ತಂತೆ, ಆ ತುಂಡು ತೆಗೆದು ಅಂಟಿಸಿ ಅಂತ. ಅದು ನಮಗೆ ಆಮೇಲೆ ಗೊತ್ತಾದದ್ದು. ಅಮ್ಮ ಎದ್ದು, ನನ್ನನ್ನು ಎಳೆದುಕೊಂಡು ಆಚೆ ಬಂದುಬಿಟ್ಟಳು. ಹೀರೋ ಏಳುವುದನ್ನು ಅವಳು ನೋಡಲಿಲ್ಲ.

ಅವತ್ತಿನಿಂದ ನಮ್ಮ ಬೀದಿಯಲ್ಲಿ ಅವಳ ಹೆಸರು ‘ಹೀರೋಯಿನ್’. "ಶೂಟಿಂಗ್ ನೋಡಕ್ ಹೋಗಿದ್ಲು, ಆ್ಯಕ್ಟ್ ಮಾಡ್ದೆ ಅಂತಾಳೆ" ಅಂತ ಎದುರುಮನೆ ಅತ್ತೆ ನಲ್ಲಿಯ ಹತ್ತಿರ, ಅಂಗಡಿಯ ಹತ್ತಿರ, ಮದುವೆ ಮನೆಯಲ್ಲಿ ಹೇಳಿದ್ದೇ ಹೇಳಿದ್ದು. ಜೊತೆಯಲ್ಲಿ ಎತ್ತಿದ್ದ ಹೆಂಗಸರು ಬೇರೆ ಬೇರೆ ಊರಿನವರು, ಒಬ್ಬೊಬ್ಬರೇ ಕೆಲಸ ಬಿಟ್ಟು ಎಲ್ಲೆಲ್ಲಿಗೋ ಹೋದರು. ನೋಡಿದವಳು ನಾನೊಬ್ಬಳೇ. ನನ್ನ ಮಾತಿಗೆ ಏನು ಬೆಲೆ? ತಾಯಿಯ ಪರ ಮಗಳಲ್ಲದೆ ಇನ್ಯಾರು ಹೇಳುತ್ತಾರೆ ಅಂತ ನಕ್ಕರು. ಅಪ್ಪನನ್ನು ಕೇಳಿದರೆ ಅವನು ಸತ್ಯವಂತ, "ನಾನು ಟೀ ಕುಡೀತಿದ್ದೆ" ಅಂದ. ಆ ಟೀಯ ವಿಷಯಕ್ಕೆ ನಮ್ಮ ಮನೆಯಲ್ಲಿ ಈಗಲೂ ಜಗಳವಾಗುತ್ತದೆ.

ಅಮ್ಮ ಮಾತ್ರ ಬಗ್ಗಲಿಲ್ಲ. ಹೋಗಲಿ ಬಿಡು ಅನ್ನುವ ಜಾತಿಯೇ ಅವಳಲ್ಲ. ಯಾರು ಹೀರೋಯಿನ್ ಅಂದರೂ "ಊಂ, ಏನೀಗ? ಆ್ಯಕ್ಟ್ ಮಾಡಿವ್ನಿ. ನಂಬಿದ್ರೆ ನಂಬು, ಇಲ್ದಿದ್ರೆ ಬಿಡು" ಅನ್ನುತ್ತಿದ್ದಳು. ಹಬ್ಬಕ್ಕೊಂದು ಸಲ ಟೀವಿಯಲ್ಲಿ ಆ ಸಿನಿಮಾ ಬರುತ್ತಿತ್ತು, ಅದೂ ಕತ್ತರಿಸಿದ ಪ್ರಿಂಟೇ. ಅಮ್ಮ ಕೂತು ನೋಡುತ್ತಿದ್ದಳು. ಹೀರೋ ಟ್ಯಾಂಕಿನಿಂದ ಬಿದ್ದ ತಕ್ಷಣ ಎದ್ದು ಟೀವಿ ಆರಿಸಿಬಿಡುತ್ತಿದ್ದಳು. ಒಂದು ಸಲ ನಾನು, "ಅಮ್ಮಾ, ಕೊನೆ ತನಕ ನೋಡು, ಅವನು ಚೆನ್ನಾಗಿ ಏಳ್ತಾನೆ" ಅಂದೆ.

"ಎದ್ದ ಅಂತ ಎಲ್ರೂ ಯೇಳ್ತಾರೆ" ಅಂದಳು. "ನಾವು ಎತ್ತದೆ ಅವ್ನು ಎದ್ದಿದ್ದ ನಾನು ನೋಡಾಕಿಲ್ಲ."

ಹದಿನೈದು ವರ್ಷದ ಮೇಲಾಯಿತು, ಆ ಮಾತು ಅವಳು ಮುರಿದಿಲ್ಲ.

ನಾನು ಈಗ ಬೆಳ್ಳಂದೂರಿನ ಒಂದು ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುತ್ತೇನೆ. ಒಂದು ದಿನ ಊಟದ ಮೇಜಿನಲ್ಲಿ ಇದೇ ಸಿನಿಮಾದ ಮಾತು ಬಂತು. ನಮ್ಮ ಟೀಮಿನಲ್ಲಿ ದಾವಣಗೆರೆ ಕಡೆಯವರೊಬ್ಬರಿದ್ದಾರೆ. ಹಣೆಗೆ ವಿಭೂತಿ, ಡಬ್ಬಿಯಲ್ಲಿ ರೊಟ್ಟಿ, ಕೈಯಲ್ಲಿ ಸದಾ ಫೋನು. ಹಳೇ ಕನ್ನಡ ಸಿನಿಮಾಗಳ ಬಗ್ಗೆ ವಿಡಿಯೋ ಮಾಡಿ ಹಾಕುತ್ತಾರೆ. ನಮ್ಮ ಸಿನಿಮಾದ ಬಗ್ಗೆಯೂ ಒಂದು ಉದ್ದನೆಯ ವಿಡಿಯೋ ಮಾಡಿದ್ದರು. ಅದನ್ನು ನೋಡಿ ಆ ಸಿನಿಮಾಕ್ಕೆ ಅಭಿಮಾನಿಗಳ ಒಂದು ಗುಂಪೇ ಹುಟ್ಟಿಕೊಂಡಿತ್ತು.

"ನೋಡ್ರಿ ಮೇಡಂ," ಅಂತ ಅವರು ರೊಟ್ಟಿ ಮುರಿಯುತ್ತ ವಿವರಿಸಿದರು, "ಹೀರೋ ಬಿದ್ದ. ಮುಂದಿನ ಶಾಟ್‌ನಾಗ ಕಂಬದ ಕೆಳಗ ಅದಾನ. ಹೆಂಗ್ ಬಂದ? ಡೈರೆಕ್ಟರ್ ಹೇಳಂಗಿಲ್ಲ. ಅದೇ ಜೀನಿಯಸ್ ರೀ. ಹೊರಗಿನ ಕರೆಂಟ್ ಹೋದ ಮ್ಯಾಲೆ ಒಳಗಿನ ಅರಿವು ಅವನನ್ನ ಎಬ್ಬಿಸ್ತದ. ಆ ಜಂಪ್ ಐತಲ್ಲ, ಇಡೀ ಕನ್ನಡ ಸಿನಿಮಾದಾಗ ಅಂಥ ಧೈರ್ಯ ಯಾರೂ ಮಾಡಿಲ್ಲ."

ಮೇಜಿನ ಸುತ್ತ ಕೂತವರೆಲ್ಲ ತಲೆದೂಗಿದರು. ನಾನು ಚಮಚ ಕೆಳಗಿಟ್ಟೆ.

"ಸಾರ್, ಅದು ಅರಿವಲ್ಲ. ನಮ್ಮಮ್ಮ."

ನಕ್ಕರು. ತಮಾಷೆ ಅಂದುಕೊಂಡರು. ನಾನು ಪೂರ್ತಿ ಹೇಳಿದೆ. ಥಿಯೇಟರಿನ ಆಪರೇಟರ್ ಕತ್ತರಿಸಿ ಅಂಟಿಸಿದ ಜಾಗವನ್ನು ನೀವು ಧೈರ್ಯ ಅಂತಿದ್ದೀರ, ನಡುವೆ ಹೆಂಗಸರು ಅವನನ್ನು ಹೊತ್ತುಕೊಂಡು ಹೋಗುತ್ತಾರೆ, ನಾನೇ ನೋಡಿದ್ದೇನೆ ಅಂದೆ. ಅವರು ಬಹಳ ಮೃದುವಾಗಿ, "ಸಣ್ಣೋರಿದ್ರಿ ಮೇಡಂ. ಎಷ್ಟೋ ಸರ್ತಿ ನಾವು ಊಹಿಸ್ಕೊಂಡಿದ್ದೇ ನೋಡಿದಂಗ ನೆನಪಿರ್ತದ" ಅಂದರು. ಎದುರುಮನೆ ಅತ್ತೆ ಒರಟಾಗಿ ಹೇಳಿದ್ದನ್ನೇ ಇವರು ನಯವಾಗಿ ಹೇಳಿದ್ದರು. ನನಗೆ ಒರಟೇ ವಾಸಿ ಅನ್ನಿಸಿತು. ಅವತ್ತಿನಿಂದ ಸ್ವಲ್ಪ ದಿನ ನಾನು ಬೇರೆ ಮೇಜಿನಲ್ಲಿ ಊಟ ಮಾಡಿದೆ.

ಈ ಹೊಸ ಅಭಿಮಾನಿಗಳ ಬಗ್ಗೆ ನನಗೆ ಇದ್ದ ಸಿಟ್ಟನ್ನು ಬಚ್ಚಿಡುವುದಿಲ್ಲ. ಅವರ ಗುಂಪಿಗೆ ಸೇರಿ ಎಲ್ಲ ಓದಿದೆ. ಹೀರೋ ಹಾರುವಾಗ ಅವನನ್ನು ಕಟ್ಟಿದ ತಂತಿ ಕಾಣುವುದಕ್ಕೂ ಅವರಲ್ಲಿ ಅರ್ಥವಿತ್ತು, ಮನುಷ್ಯ ಬಂಧನದಲ್ಲಿದ್ದಾನೆ ಅಂತ ತೋರಿಸುವುದಕ್ಕಂತೆ. ಅಯ್ಯೋ, ತಂತಿ ಕಾಣುವುದು ಅಳಿಸಲು ದುಡ್ಡಿರಲಿಲ್ಲವಾದ್ದರಿಂದ. ಕಾಮಿಡಿ ಟ್ರ್ಯಾಕ್ ನೋಡಿದರೆ ಈಗಲೂ ಅಳು ಬರುತ್ತದೆ. ಹಾಡುಗಳಲ್ಲಿ ಎರಡು ಬೇಕಿರಲಿಲ್ಲ. ಇದ್ದರೆ ಏನೀಗ? ಕುಂಟಿದರೂ ಅದು ನಮ್ಮ ಸಿನಿಮಾ. ಕರೆಂಟು ಹೋದಾಗ ಪೀಣ್ಯದಲ್ಲಿ ಯಾರು ಯಾರನ್ನು ಎತ್ತುತ್ತಾರೆ ಅಂತ ಅದಕ್ಕೆ ಗೊತ್ತಿತ್ತು. ಅದನ್ನು ಉಳಿಸಲು ಯಾರೂ ಅದಕ್ಕೆ ಇಲ್ಲದ ಅರ್ಥ ಅಂಟಿಸಬೇಕಾಗಿಲ್ಲ, ಇದ್ದದ್ದನ್ನು ವಾಪಸ್ ಅಂಟಿಸಿದರೆ ಸಾಕು. ಇದನ್ನೇ ಗುಂಪಿನಲ್ಲಿ ಬರೆದೆ. ಯಾರೋ ಕೈಮುಗಿಯುವ ಚಿತ್ರ ಹಾಕಿದರು, ಇನ್ಯಾರೋ ‘ಪ್ರೂಫ್ ಇದ್ಯಾ ಅಕ್ಕ?’ ಅಂತ ಕೇಳಿದರು.

ದಾವಣಗೆರೆಯವರ ಬಗ್ಗೆ ಒಂದು ಮಾತು ಹೇಳಲೇಬೇಕು. ನನ್ನ ಮಾತು ನಂಬದಿದ್ದರೂ ಅವರಿಗೆ ನಿದ್ದೆ ಬಂದಿರಲಿಲ್ಲ. ಕತ್ತರಿ ಬೀಳದ ಹಳೇ ಪ್ರಿಂಟ್ ಇದೆಯಾ ಅಂತ ಸಿಕ್ಕಸಿಕ್ಕ ಥಿಯೇಟರುಗಳಿಗೆ ಫೋನು ಮಾಡುತ್ತಲೇ ಇದ್ದರು. ತುಮಕೂರಿನ ಆಚೆ ಒಂದು ಚಿಕ್ಕ ಊರಿನ ಥಿಯೇಟರ್ ಒಡೆದು ಕಲ್ಯಾಣ ಮಂಟಪ ಮಾಡುತ್ತಿದ್ದರು. ಅಲ್ಲಿಯ ಗೋದಾಮಿನಲ್ಲಿ ಹಳೇ ರೀಲಿನ ಡಬ್ಬಗಳು ಸಿಕ್ಕವು, ಅದರಲ್ಲಿ ನಮ್ಮ ಸಿನಿಮಾವೂ ಇತ್ತು. ಕತ್ತರಿಸಿ ಅಂತ ಫೋನು ಅಲ್ಲಿಗೂ ಹೋಗಿತ್ತಂತೆ. ಆದರೆ ಅಲ್ಲಿಯ ಆಪರೇಟರ್ ಮಹಾ ಸೋಮಾರಿ. ಯಾರು ಬಿಚ್ಚಿ ಕತ್ತರಿಸಿ ಅಂಟಿಸುತ್ತಾರೆ ಅಂತ ಹಾಗೇ ಓಡಿಸಿದ್ದನಂತೆ. ಆ ಪುಣ್ಯಾತ್ಮನ ಸೋಮಾರಿತನಕ್ಕೆ ಆಮೇಲೆ ನಾವು ಮನೆಮಂದಿಯೆಲ್ಲ ಕೈಮುಗಿದೆವು.

"ಸಿಕ್ತ್ರೀ ಮೇಡಂ," ಅಂತ ದಾವಣಗೆರೆಯವರು ಫೋನು ಮಾಡಿದರು. ರೀಲುಗಳನ್ನು ಸ್ಕ್ಯಾನ್ ಮಾಡಿಸಿ ಕಂಪ್ಯೂಟರಿಗೆ ಹಾಕಿಸಿದ್ದರು. "ಆದ್ರ ನಾನಿನ್ನೂ ನೋಡಿಲ್ಲ. ಎಲ್ಲಾರೂ ಕೂಡೇ ನೋಡೋಣು. ಫ್ಯಾನ್ಸ್ ಅಂದ್ಮ್ಯಾಲೆ ಫಸ್ಟ್ ಶೋ ಒಬ್ಬನೇ ನೋಡೋದು ಪಾಪ." ಬ್ರೂಕ್‌ಫೀಲ್ಡ್‌ನಲ್ಲಿ ಅವರ ಅಪಾರ್ಟ್‌ಮೆಂಟಿನ ಕ್ಲಬ್ ಹೌಸಿನಲ್ಲಿ ಭಾನುವಾರ ಬೆಳಿಗ್ಗೆ ಆಟ. "ನಿಮ್ಮ ತಾಯಿಯವ್ರನ್ನ ಕರ್ಕೊಂಡು ಬರ್ರಿ. ಆ ಸೀನ್ ಇದ್ರ ಅವರೂ ನೋಡ್ಲಿ."

ಇದ್ದರೆ! ಇಲ್ಲದಿದ್ದರೆ ಏನು ಮಾಡುವುದು? ಇನ್ನೊಂದು ಸಲ ಅಮ್ಮ ಎಲ್ಲರೆದುರು ಎದ್ದು ಆಚೆ ನಡೆಯಬೇಕೇ? ಹೇಳದೇ ಇರೋಣ, ನಾನೊಬ್ಬಳೇ ಮೊದಲು ನೋಡಿ ಬರೋಣ ಅಂದುಕೊಂಡೆ. ಆದರೆ ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಹೇಳಿಬಿಟ್ಟೆ. ಅಮ್ಮ ಯೋಚನೆಯನ್ನೇ ಮಾಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಎದುರುಮನೆಗೆ ಹೋಗಿ, "ಭಾನ್ವಾರ ನೀನೂ ಬತ್ತಿದೀಯ. ನಾಸ್ಟಾ ಅವ್ರೇ ಕೊಡ್ತಾರಂತೆ" ಅಂದಳು.

"ಅಷ್ಟು ದೂರಾನಾ? ಏನಾರ ಇಲ್ದಿದ್ರೆ?" ಅಂದರು ಅತ್ತೆ.

"ಇಲ್ದಿದ್ರೆ ಸಾಯೋಗಂಟ ಹೀರೋಯಿನ್ ಅನ್ನು. ಇದ್ರೆ ಅವತ್ತಿಂದ ಬಾಯಿ ಮುಚ್ಚು."

ಹೀಗೆ ಪಣ ಕಟ್ಟಿಯೇ ಹೊರಟೆವು, ನಾನು, ಅಮ್ಮ, ಅಪ್ಪ, ಅತ್ತೆ. ನಾಗಸಂದ್ರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ಕುಂದಲಹಳ್ಳಿಯಲ್ಲಿ ಇಳಿದು, ಅಲ್ಲಿಂದ ಆಟೋ. ಅತ್ತೆ ದಾರಿಯುದ್ದಕ್ಕೂ ಕಿಟಕಿಯಲ್ಲಿ ಕಂಡ ಕಟ್ಟಡಗಳನ್ನೆಲ್ಲ ಹೊಗಳಿದರು. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿಯವನು "ಯಾವ ಫ್ಲ್ಯಾಟ್ ಮೇಡಂ?" ಅಂತ ತಡೆದ. ಅಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, "ನಮ್ದು ಪಿಚ್ಚರ್ ಐತೆ" ಅಂದಳು. ಅವನು ಪಕ್ಕಕ್ಕೆ ಸರಿದ.

ಒಳಗೆ ಹಬ್ಬದ ವಾತಾವರಣ. ಹೀರೋನ ಆಳೆತ್ತರದ ಕಟೌಟಿಗೆ ಸೇವಂತಿಗೆ ಹಾರ, ಎದುರಿಗೆ ಕರ್ಪೂರ. ಪಟಾಕಿ ಹೊಡೆಯಬಾರದು ಅಂತ ಅಸೋಸಿಯೇಷನ್‌ನವರು ಷರತ್ತು ಹಾಕಿದ್ದರಿಂದ ಹುಡುಗ ಹುಡುಗಿಯರು ಪೇಪರ್ ಚೂರಿನ ಚೀಲಗಳನ್ನು ತುಂಬಿಸಿಕೊಂಡು ತಯಾರಾಗಿದ್ದರು. ಕೆಲವರು ವೆಲ್ಡಿಂಗ್ ಮುಖವಾಡ ಹಾಕಿಕೊಂಡೇ ಬಂದಿದ್ದರು. ದಾವಣಗೆರೆಯವರು ಬಂದು ಅಮ್ಮನ ಕಾಲು ಮುಟ್ಟಿ ನಮಸ್ಕಾರ ಮಾಡಿದರು. "ಇದ್ರ, ನನ್ನ ವಿಡಿಯೋ ನಾನೇ ತೆಗದ್ಹಾಕ್ತೀನ್ರಿ ಅಮ್ಮಾರ" ಅಂದರು. ತಿಂಡಿಗೆ ಮಂಡಕ್ಕಿ, ಮೆಣಸಿನಕಾಯಿ ಬೋಂಡ. ಅತ್ತೆ ಎರಡು ಸಲ ಹಾಕಿಸಿಕೊಂಡರು. ಅಪ್ಪ ಟೀ ಮಾತ್ರ ಮುಟ್ಟಲಿಲ್ಲ. ಯಾರು ಕೊಟ್ಟರೂ "ಬ್ಯಾಡ ಬ್ಯಾಡ" ಅಂತ ಕೈ ಅಡ್ಡ ಹಿಡಿದು, ಪ್ಲಾಸ್ಟಿಕ್ ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತ.

ಆಟ ಶುರುವಾಯಿತು. ನಾನು ಆ ಹುಡುಗರ ಮೇಲಿನ ಸಿಟ್ಟು ಸ್ವಲ್ಪ ಮರೆತೆ ಅಂತಲೇ ಹೇಳಬೇಕು. ಹೀರೋ ಮೊದಲ ಸಲ ಲಾರಿ ಎತ್ತಿದಾಗ ಅವರ ಜೊತೆ ನಾನೂ ಶಿಳ್ಳೆ ಹೊಡೆದೆ. ಸೆಕೆಂಡ್ ಹಾಫ್‌ನಲ್ಲಿ ಒಬ್ಬರೂ ಗೊಣಗಲಿಲ್ಲ. ಅವನು ಏಟು ತಿನ್ನುವಾಗ ಮೌನವಾಗಿ ನೋಡಿದರು. ಅವತ್ತು ಆ ಥಿಯೇಟರಿನಲ್ಲಿ ಇಂಥವರು ಹತ್ತು ಜನ ಇದ್ದಿದ್ದರೆ ಕತ್ತರಿಯೇ ಬೀಳುತ್ತಿರಲಿಲ್ಲ ಅನ್ನಿಸಿತು.

ಹೀರೋ ನೀರಿನ ಟ್ಯಾಂಕು ಹತ್ತಿದ. ಅಮ್ಮನ ಕೈ ನನ್ನ ಕೈ ಹುಡುಕಿಕೊಂಡು ಬಂತು. ಅವನು ಬಿದ್ದ.

ಬಿದ್ದನೋ ಇಲ್ಲವೋ, ಕೂತಿದ್ದವರೆಲ್ಲ ಎದ್ದು ನಿಂತರು. ಅವರು ವರ್ಷಗಟ್ಟಲೆ ನೋಡಿದ್ದು ಕತ್ತರಿಸಿದ ಸಿನಿಮಾ. ಬಿದ್ದ ಮರುಕ್ಷಣ ಅವನು ಏಳುತ್ತಾನೆ ಅಂತ ಅವರ ಮೈಗೇ ರೂಢಿಯಾಗಿತ್ತು. ಪೇಪರ್ ಚೂರು ತೂರಿಕೊಂಡು, ಶಿಳ್ಳೆ ಹಾಕಿಕೊಂಡು ಎಲ್ಲರೂ ಮುಂದಕ್ಕೆ ಓಡಿ ತೆರೆಯ ಎದುರು ಕುಣಿಯತೊಡಗಿದರು. ನಾನು ಕುರ್ಚಿಯ ಮೇಲೆ ಹತ್ತಿದೆ. ಕುಣಿಯುವ ತಲೆಗಳ ಸಂದಿಯಲ್ಲಿ ಒಂದು ಹಸಿರು ಬಣ್ಣ ಕಂಡಿತು. ಬಂತು! ಸೀನ್ ಇತ್ತು! "ಕೂತ್ಕೊಳ್ರೋ! ಕೂತ್ಕೊಳ್ರೋ!" ಅಂತ ಕಿರುಚಿದೆ. ಅವತ್ತು ಥಿಯೇಟರಿನಲ್ಲಿ ಕಿರುಚಿದ ಹಾಗೆಯೇ, ಅವತ್ತಿನ ಹಾಗೆಯೇ ಯಾರಿಗೂ ಕೇಳಿಸಲಿಲ್ಲ. ಅವತ್ತು ಬೈಗುಳದಲ್ಲಿ ಮುಳುಗಿಸಿದ್ದರು, ಇವತ್ತು ಪ್ರೀತಿಯಲ್ಲಿ. ಅಮ್ಮನ ಮಾತು ಬಂದು ಹೋಯಿತೋ ಏನೋ, ಶಿಳ್ಳೆಯಲ್ಲಿ ಗೊತ್ತಾಗಲಿಲ್ಲ. ತೆರೆಯ ಮೇಲೆ ಬೀದಿದೀಪದ ಬೆಳಕು ಏರತೊಡಗಿತು. ಅಮ್ಮ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು.

"ನಂಗೇನೂ ಕಾಣ್ಲಿಲ್ಲವ್ವ," ಅಂದರು ಪಕ್ಕದಲ್ಲಿದ್ದ ಅತ್ತೆ. "ಬರೀ ಹುಡುಗ್ರ ಬೆನ್ನು."

ಅಮ್ಮ ಕಣ್ಣು ಮುಚ್ಚಿಕೊಂಡೇ ಎದ್ದು ನಿಂತಳು. ಗಾರ್ಮೆಂಟ್ಸ್‌ನಲ್ಲಿ ನೂರು ಮಿಷನ್ನುಗಳ ಸದ್ದಿನ ಮೇಲೆ ಮಾತಾಡಿ ಪಳಗಿದ ಗಂಟಲು ಅದು.

"ನಿಲ್ಸೋ! ಒನ್ಸ್ ಮೋರ್!"

ಕುಣಿಯುತ್ತಿದ್ದವರು ಥಟ್ಟನೆ ನಿಂತರು. ದಾವಣಗೆರೆಯವರು ಓಡಿಹೋಗಿ ಲ್ಯಾಪ್‌ಟಾಪಿನಲ್ಲಿ ಸಿನಿಮಾ ನಿಲ್ಲಿಸಿದರು. ಎಲ್ಲರೂ ಹಿಂದೆ ತಿರುಗಿದರು. ಮುಖವಾಡ ಹಾಕಿದ್ದ ಒಬ್ಬ ಹುಡುಗ, "ಅಮ್ಮಾ, ಕ್ಲೈಮ್ಯಾಕ್ಸ್ ಟೈಮಲ್ಲಿ ಪಾಜ್ ಮಾಡಿದ್ರೆ ಫ್ಲೋ ಹೋಗುತ್ತೆ. ಮುಗಿದ್ಮೇಲೆ ಆ ಸೀನ್ ಬೇರೆಯಾಗಿ ಹಾಕ್ತೀವಿ" ಅಂದ.

"ಮುಗಿದ್ಮೇಲೆ ಹಾಕಕ್ಕೆ ಅದೇನು ಎಲೆ ಅಡಿಕೆನಾ?" ಅಂದಳು ಅಮ್ಮ. "ನಮ್ಮೂರ ನಾಟಕದಾಗೆ ಒನ್ಸ್ ಮೋರ್ ಅಂದ್ರೆ ಸತ್ತೋನೂ ಎದ್ದು ಇನ್ನೊಂದ್ಸಲ ಪದ ಹಾಡಿ ಇನ್ನೊಂದ್ಸಲ ಸಾಯ್ತಿದ್ದ. ನಿನ್ ಕಂಪ್ಯೂಟ್ರಿಗೆ ಏನ್ ಬಂದಿರೋದು ರೋಗ? ಇಂದಕ್ಕೆ ಹಾಕು. ಎಲ್ರೂ ಕೂತ್ಕಳಿ. ಪಿಚ್ಚರ್ ಇಷ್ಟ ಅಂತೀರ, ನೋಡಾಕೆ ಬರಲ್ವಾ ನಿಮ್ಗೆ?"

ಒಬ್ಬೊಬ್ಬರಾಗಿ ಬಂದು ಕೂತರು. ಕುರ್ಚಿ ಸಾಲದೆ ಹೋದವರು ನೆಲದ ಮೇಲೆ ಕೂತರು. ಮುಖವಾಡದ ಹುಡುಗ ಮುಖವಾಡ ತೆಗೆದು ತೊಡೆಯ ಮೇಲಿಟ್ಟುಕೊಂಡ. ದಾವಣಗೆರೆಯವರು ಹಿಂದಕ್ಕೆ ಹಾಕಿದರು.

ಹೀರೋ ಬಿದ್ದ. ಯಾರೂ ಅಲುಗಾಡಲಿಲ್ಲ. ಕಾರ್ಖಾನೆಯ ಗೇಟು ತೆರೆಯಿತು. ಟಿಫಿನ್ ಡಬ್ಬ ಹಿಡಿದ ಹೆಂಗಸರು ಮಾತಾಡುತ್ತ ಆಚೆ ಬಂದರು, ಅವನನ್ನು ನೋಡಿ ನಿಂತರು. ಡಬ್ಬಗಳನ್ನು ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ ಎತ್ತಿದರು. ಸಂಗೀತವಿಲ್ಲ, ಹೆಜ್ಜೆಯ ಸದ್ದು ಮಾತ್ರ. ಭಾರಕ್ಕೆ ಅವರ ಕತ್ತಿನ ನರ ಉಬ್ಬಿದ್ದು ಕಾಣುತ್ತಿತ್ತು. ಅದು ನಟನೆಯಾಗಿರಲಿಲ್ಲ ಅಂತ ನನಗೆ ಗೊತ್ತು. ಆಮೇಲೆ ಕಂಬ. ಆಮೇಲೆ ತೆರೆಯ ತುಂಬ ಅಮ್ಮನ ಮುಖ, ಈಗಿನ ನನಗಿಂತ ಚಿಕ್ಕ ವಯಸ್ಸಿನ ಅಮ್ಮ, ಮೂಗುತಿ, ಬೆವರು, ಹಸಿರು ಸೆರಗು.

"ಏಳಪ್ಪ, ಸಿಪ್ಟು ಮುಗ್ದಿಲ್ಲ ಇನ್ನ."

ಅಪ್ಪ ಎರಡು ಬೆರಳು ಬಾಯಿಗಿಟ್ಟು ಒಂದು ಶಿಳ್ಳೆ ಹೊಡೆದ. ಇಡೀ ಕ್ಲಬ್ ಹೌಸಿನಲ್ಲಿ ಅದೊಂದೇ ಶಿಳ್ಳೆ. ನಾನು ಅಳುತ್ತಿದ್ದೆ, ನಾಚಿಕೆಯೇನಿಲ್ಲ.

"ಅಯ್ಯೋ, ಆ ಸೀರೆ ನಂದಲ್ವೇನೇ!" ಅಂತ ಅತ್ತೆ ಕೂಗಿಕೊಂಡರು. "ನಂದು ಕಣೇ! ನಮ್ಮಣ್ಣ ಗೌರಿ ಹಬ್ಬಕ್ಕೆ ಕೊಟ್ಟಿದ್ದು!"

"ನಿಂದೇ," ಅಂದಳು ಅಮ್ಮ, ತೆರೆಯಿಂದ ಕಣ್ಣು ತೆಗೆಯದೆ. "ಈಗ ಯೇಳು, ಯಾರು ಸುಳ್ಳಿ?"

ಅತ್ತೆ ಅಮ್ಮನ ಭುಜ ಹಿಡಿದುಕೊಂಡು, ಹಿಂದೆ ಕೂತಿದ್ದವರ ಕಡೆ ತಿರುಗಿ, "ಇವ್ಳೇ ಕಣ್ರಪ್ಪ ಅವ್ಳು. ನಮ್ಮ ಎದುರ್ಗಡೆ ಮನೆಯೋಳು" ಅಂತ ತಾವೇ ಕಂಡುಹಿಡಿದವರಂತೆ ಸಾರಿದರು.

ಬೀದಿದೀಪದ ಬೆಳಕು ಏರುವ ಹೊತ್ತಿಗೆ ದಾವಣಗೆರೆಯವರು ಮತ್ತೆ ಸಿನಿಮಾ ನಿಲ್ಲಿಸಿದರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಳ್ಳುತ್ತ ಅಮ್ಮನ ಹತ್ತಿರ ಬಂದರು.

"ಇನ್ನೊಮ್ಮೆ ಹಾಕ್ಲೇನ್ರಿ ಅಮ್ಮಾರ?"

ಅಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತು, ಸೆರಗು ಸರಿಮಾಡಿಕೊಂಡಳು. ಈ ಸಲ ಕಣ್ಣು ಮುಚ್ಚಲಿಲ್ಲ.

"ಬ್ಯಾಡ. ಮುಂದಕ್ಕೆ ಬಿಡಪ್ಪ," ಅಂದಳು. "ಈಗ ಏಳ್ಲಿ ಅವ್ನು."